ತೂಗುವ ಕೈಯಲ್ಲಿದ್ದ ಹಾಡು

ಅವ್ವ ಹಾಡುತ್ತಿದ್ದ ಜೋಗುಳದಲ್ಲಿ ನನಗೆ ಉಳಿದಿದ್ದು ರಾಗ ಮಾತ್ರ. ಮೊದಲು ಸ್ವಲ್ಪ ಮೇಲೇರುತ್ತದೆ, ನಡುವೆ ಒಂದು ಕಡೆ ತಡೆದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಇಳಿದು 'ಜೋ' ಅನ್ನುವಲ್ಲಿಗೆ ಬಂದು ಸೇರುತ್ತದೆ. ಮಾತು ಒಂದೂ ನೆನಪಿರಲಿಲ್ಲ. ಮಗಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮೊಮ್ಮಗಳನ್ನು ತೂಗಲು ಕೂತರೆ ನನ್ನ ಬಾಯಿಂದ ಬರೀ 'ಹೂಂ ಹೂಂ' ಬರುತ್ತಿತ್ತು. ಅವ್ವ ತೀರಿಕೊಂಡು ವರ್ಷಗಳಾದವು. ಆದರೆ ಅವಳ ಹಾಡು ಕೇಳಿದವರು ಇನ್ನೂ ಇದ್ದಾರಲ್ಲ, ಅವರ ಹತ್ತಿರ ಇರುವಷ್ಟನ್ನಾದರೂ ಕೂಡಿಸೋಣ ಅಂತ ಹೊರಟೆ. ಅದು ಹೇಗೆ ಕೂಡಿ ಬಂತು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಇದೇ ಕೆಲಸ ಮಾಡಬೇಕು ಅಂದುಕೊಂಡವರು ತುಂಬಾ ಜನ ಇರುತ್ತಾರೆ. ಅವರಿಗೂ ಒಂದಷ್ಟು ಉಪಯೋಗವಾಗಲಿ.

ಮೊದಲು ಯಾರನ್ನು ಕೇಳಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಜೋಗುಳ ಅಂದರೆ ನಮಗೆ ಹಾಡಿದ್ದು ಅಂದುಕೊಳ್ಳುತ್ತೇವೆ. ಆದರೆ ನಮಗೆ ಹಾಡಿದ್ದು ನಮಗೆ ನೆನಪಿರುವುದಿಲ್ಲ. ಮೂರು ವರ್ಷಕ್ಕೆ ಮೊದಲು ನಡೆದದ್ದು ದೊಡ್ಡವರಾದ ಮೇಲೆ ಹೆಚ್ಚು ಕಡಿಮೆ ಯಾರಿಗೂ ನೆನಪಿರುವುದಿಲ್ಲ. 'ಅವ್ವನ ಜೋಗುಳ' ಅಂತ ನಮ್ಮಲ್ಲಿ ಉಳಿದಿರುವುದು ಅವಳು ತಮ್ಮನಿಗೋ ತಂಗಿಗೋ ಹಾಡುವಾಗ ಪಕ್ಕದಲ್ಲಿ ಕೂತು ಕೇಳಿದ್ದು. ನಾನು ಹುಟ್ಟಿದ್ದು 1972ರಲ್ಲಿ. ತಮ್ಮ ನನಗಿಂತ ಮೂರು ವರ್ಷ ಚಿಕ್ಕವನು, ಅಕ್ಕ ಎಂಟು ವರ್ಷ ದೊಡ್ಡವಳು. ಅಂದಮೇಲೆ ಕೇಳಬೇಕಾದ್ದು ಅಕ್ಕನನ್ನೇ. ಅವಳು ನಮ್ಮಿಬ್ಬರಿಗೂ ಹಾಡಿದ್ದನ್ನು ಕೇಳಿದವಳು, ಅವ್ವ ಹೊಲಕ್ಕೆ ಹೋದಾಗ ನಮ್ಮನ್ನು ತೂಗಿದವಳು. ಕೊನೆಯ ಮಗುವಿನ ಹತ್ತಿರ ಜೋಗುಳ ಸಿಗುವುದು ಕಷ್ಟ. ಮನೆಯ ಹಿರಿಯ ಹೆಣ್ಣುಮಗಳ ಹತ್ತಿರವೇ ಜಾಸ್ತಿ ಸಿಗುತ್ತದೆ.

ಫೋನಿನಲ್ಲಿ ಕೇಳಿದರೆ ಅಕ್ಕ, "ಅದೇ, ಜೋ ಜೋ ಅಂತಿದ್ಲಲ್ಲ" ಅಂದಳು. ಅಷ್ಟೇ. ಮನೆಗೆ ಬಂದು ಕೂತ ಮೇಲೆ ಒಂದಿಷ್ಟು ಹಾಡಿದಳು. ಮೊದಲು ಬಂದದ್ದು ಪುರಂದರದಾಸರ 'ತೂಗಿರೆ ರಂಗನ ತೂಗಿರೆ ಕೃಷ್ಣನ'. ಅದಾದ ಮೇಲೆ ಹೆಸರಿಡುವ ದಿನ ತೊಟ್ಟಿಲ ಸುತ್ತ ನಿಂತು ಹೆಂಗಸರೆಲ್ಲ ಸೇರಿ ಹೇಳುವ ಪದ. ಎರಡೂ ಚೆಂದ. ಆದರೆ ನಾನು ಹುಡುಕುತ್ತಿದ್ದುದು ಅವಲ್ಲ. ದಾಸರ ಪದ ರೇಡಿಯೊದಲ್ಲಿ, ಭಜನೆಯಲ್ಲಿ, ಶಾಲೆಯ ಕಾರ್ಯಕ್ರಮದಲ್ಲಿ ಕೇಳಿ ಕೇಳಿ ಎಲ್ಲರ ಬಾಯಲ್ಲೂ ನಿಂತಿದೆ. ನಾಮಕರಣದ ಪದವೂ ಹಾಗೇ, ಊರ ಹೆಂಗಸರ ಒಟ್ಟು ಆಸ್ತಿ. ದಿನಾ ರಾತ್ರಿ ಒಬ್ಬಳೇ ಕೂತು, ಯಾರೂ ಕೇಳಲಿ ಅಂತಲ್ಲದೆ ಹಾಡಿದ್ದು ಬೇರೆಯದು. ಜೋಗುಳ ಹೇಳಿ ಅಂದರೆ ಎಲ್ಲರೂ ಮೊದಲು ಕೊಡುವುದು ನಾಲ್ಕು ಜನರ ಮುಂದೆ ಹಾಡಿದ ಹಾಡನ್ನು. ಅದನ್ನು ಪೂರ್ತಿ ಹಾಡಿಸಬೇಕು, ನಡುವೆ ನಿಲ್ಲಿಸಬಾರದು. ಅದು ಮುಗಿದ ಮೇಲೆ ಮನೆಯ ಹಾಡು ಮೆಲ್ಲಗೆ ಬರುತ್ತದೆ.

ಅಕ್ಕನಿಂದ ಹಾಗೆ ಬಂದದ್ದು ಮೂರು ಸಾಲು. ಒಂದಕ್ಕೊಂದು ಸಂಬಂಧ ಇಲ್ಲದ ಸಾಲುಗಳು. ಒಂದರಲ್ಲಿ ಮಾವಯ್ಯ ಬರುತ್ತಾನೆ, ಒಂದರಲ್ಲಿ ಬಿಳಿಜೋಳ, ಒಂದರಲ್ಲಿ ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ. "ಉಳಿದದ್ದು ಚಿಗವ್ವಗ ಗೊತ್ತಿರಬೇಕು" ಅಂದಳು.

ಚಿಗವ್ವ ಅಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇರುತ್ತಾಳೆ. ನಾನು ಅಕ್ಕನನ್ನೂ ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಕೂತು, ಫೋನು ಮುಂದಿಟ್ಟು, "ಚಿಗವ್ವಾ, ಅವ್ವ ಹಾಡ್ತಿದ್ದ ಜೋಗುಳ ಒಂದೀಟು ಹೇಳು" ಅಂದೆ. ಅವಳು ಬಹಳ ಹೊತ್ತು ಯೋಚಿಸಿದಳು. ಮೊಣಕಾಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತುಟಿ ಆಡಿಸಿದಳು. ಆಮೇಲೆ, "ಯಾವದೂ ನೆನಪಿಗಿ ಬರವಲ್ದು ತಂಗಿ. ವಯಸ್ಸಾತು" ಅಂದಳು. ಅವಳ ಮುಖದ ಮೇಲಿನ ಬೇಸರ ನೋಡಿ ನಾನು ವಿಷಯ ಬಿಟ್ಟೆ.

ಸಂಜೆ ಅವಳ ಮೊಮ್ಮಗನ ಕೂಸು ಅಳತೊಡಗಿತು. ಸೊಸೆ ಅದನ್ನು ಸೀರೆಯ ಜೋಳಿಗೆಯಲ್ಲಿ ಹಾಕಿ ಒಳಗೆ ಹೋದಳು. ಚಿಗವ್ವ ಕೂತಲ್ಲಿಂದಲೇ ಹಗ್ಗ ಹಿಡಿದಳು. ಎರಡು ಸಲ ಎಳೆದು ಬಿಟ್ಟಳು, ಮೂರನೇ ಸಲಕ್ಕೆ ದನಿ ಬಂತು. ಅದೇ ರಾಗ. ಅದೇ ಏರು, ಅದೇ ತಡೆ, ಅದೇ ಇಳಿತ. ಮತ್ತು ಮಾತು! ಒಂದಾದ ಮೇಲೆ ಒಂದು ಪದ ಬರುತ್ತಲೇ ಹೋಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಒಂದು ಮಾತು ಸರಿಯಾಗಿ ಕೇಳಿಸಲಿಲ್ಲ ಅಂತ ನಾನು, "ಏನಂದಿ ಚಿಗವ್ವಾ, ಇನ್ನೊಮ್ಮೆ ಹೇಳು" ಅಂದೆ. ಅವಳ ಕೈ ನಿಂತಿತು. ಬಾಯಿಯೂ ನಿಂತಿತು. "ನಡುವ ಕೇಳಬ್ಯಾಡ ಬೇ. ಕೈ ನಿಂತ್ರ ಪದಾನೂ ನಿಲ್ತಾವ" ಅಂದಳು. ನಿಜವಾಗಿಯೂ ಆ ಸಾಲು ಹೋಗಿಬಿಟ್ಟಿತ್ತು. ಮತ್ತೆ ಹಗ್ಗ ಹಿಡಿದು ಮೊದಲಿನಿಂದ ಶುರು ಮಾಡಿದ ಮೇಲೇ ಅದು ತನ್ನ ಜಾಗದಲ್ಲಿ ಬಂತು.

ಈ ಇಡೀ ಹುಡುಕಾಟದಲ್ಲಿ ನಾನು ಕಂಡುಕೊಂಡದ್ದು ಅಂದರೆ ಇದೇ. ಆ ಹಾಡು ಅವಳ ತಲೆಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ತೂಗುವ ಕೆಲಸದ ಜೊತೆಗೇ ಕಲಿತದ್ದು, ಆ ಕೆಲಸದ ಜೊತೆಗೇ ಬರುತ್ತದೆ. ಬೀಸುವ ಪದ, ಕುಟ್ಟುವ ಪದಗಳ ಕತೆಯೂ ಹೀಗೇ. ಬೀಸುಕಲ್ಲಿನ ಗೂಟ ಹಿಡಿಯದೆ ಬೀಸುವ ಪದ ಹೇಳು ಅಂದರೆ ಎಷ್ಟೋ ಅಜ್ಜಿಯರು ತಡವರಿಸುತ್ತಾರೆ. ಹಿರಿಯರನ್ನು ಕುರ್ಚಿಯ ಮೇಲೆ ಕೂರಿಸಿ, ಮುಖದ ಮುಂದೆ ಫೋನು ಹಿಡಿದು, 'ನೆನಪು ಮಾಡಿಕೊಳ್ಳಿ' ಅನ್ನುವುದು ಅವರಿಗೆ ಕೊಡುವ ಕಷ್ಟ. ಅವರ ಕೈಗೆ ಹಗ್ಗ ಕೊಡಬೇಕು.

ಮರುದಿನ ಕೂಸು ಮಲಗಿ ಎದ್ದು ಆಡುತ್ತಿತ್ತು. ಮತ್ತೊಂದಿಷ್ಟು ಹಾಡಿಸಬೇಕು ಅಂದರೆ ತೂಗಲು ಏನಾದರೂ ಬೇಕಲ್ಲ. ಖಾಲಿ ತೊಟ್ಟಿಲು ತೂಗಬಾರದು ಅನ್ನುವುದು ನಮ್ಮ ಮನೆಯ ಹಿರಿಯರ ಮಾತು. ಚಿಗವ್ವ ಅದನ್ನು ಮುರಿಯುವವಳಲ್ಲ. ಅವಳೇ ಒಂದು ದಾರಿ ಹುಡುಕಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕುವ ಪದ್ಧತಿ ನಮ್ಮಲ್ಲಿದೆ. ಒರಳಿನ ಗುಂಡಕಲ್ಲನ್ನು ತೊಳೆದು, ಕುಪ್ಪಸದ ಅರಿವೆಯಲ್ಲಿ ಸುತ್ತಿ, ಜೋಳಿಗೆಯೊಳಗೆ ಇಟ್ಟಳು. ಆ ಭಾರಕ್ಕೆ ಜೋಳಿಗೆ ಸರಿಯಾಗಿ ತೂಗತೊಡಗಿತು. ಅವಳು ಕೂಸಿಗೆ ಹಾಡುವಷ್ಟೇ ಮನಸ್ಸಿಟ್ಟು ಹಾಡಿದಳು. ನಾನು ಆ ಎರಡು ದಿನ ಫೋನಿನ ರೆಕಾರ್ಡಿಂಗ್ ಆರಿಸಲೇ ಇಲ್ಲ. ಬೇಕಾದ್ದು ಬರುವುದು ನಾವು ಗುಂಡಿ ಒತ್ತಿದಾಗ ಅಲ್ಲ, ಅವರಿಗೆ ಬಂದಾಗ.

ಅಲ್ಲಿ ಸಿಕ್ಕ ಪದಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ. ಅಕ್ಕನಿಗೆ ನೆನಪಿದ್ದ ಮಾವಯ್ಯನ ಸಾಲು ಪೂರ್ತಿಯಾದದ್ದು ಹೀಗೆ:

ತೊಟ್ಟಿಲದ ಸರಪಳಿಯು ಗಟ್ಟ್ಯಾಗಿ ನುಡಿದಾವ
ಕಟ್ಟೀಯ ಮ್ಯಾಲ ಮಾವಯ್ಯ | ಬಂದಾನ
ಮುಟ್ಟಿ ನೋಡ್ಯಾನ ಅಳಿಯಾನ

ಬಿಳಿಜೋಳದ್ದು ಹೀಗೆ:

ಬಿಳಿಜ್ವಾಳ ತೆನಿಹಂಗ ಎಳಿಕೂಸು ತೂಗ್ಯಾಡಿ
ಬೆಳದಿಂಗಳೊಳಗ ನಿದ್ದೀಯ | ಹೋದರ
ಮಳಿಯಾತು ನನ್ನ ಮನದಾಗ

ಈ ಎರಡನೆಯದನ್ನು ಹೇಳಿದ ಮೇಲೆ ಚಿಗವ್ವ ತಾನಾಗಿಯೇ ನಿಲ್ಲಿಸಿದಳು. "ಇದು ನಿಮ್ಮವ್ವ ಕಟ್ಟಿದ್ದು. ನಮ್ಮವ್ವನ ಬಾಯಾಗ ಇದು ಇರಲಿಲ್ಲ. ನೀ ಹುಟ್ಟಿದ ವರ್ಷ ಮಳಿ ಎಲ್ಲಿತ್ತು?" ಅಂದಳು. 1972ರ ಬರ ನಮ್ಮ ಸೀಮೆಯವರು ಇವತ್ತಿಗೂ ಮರೆತಿಲ್ಲ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ದೊಡ್ಡ ಭಾಗವನ್ನು ಅದು ಒಣಗಿಸಿ ಹಾಕಿತ್ತು. ಹೊಲದಲ್ಲಿ ತೆನೆ ಇಲ್ಲದ ವರ್ಷ ಅವ್ವ ತೆನೆಯನ್ನು ಹಾಡಿನಲ್ಲಿ ಇಟ್ಟಿದ್ದಳು. ಮಳೆ ಇಲ್ಲದ ವರ್ಷ ಕೂಸು ಮಲಗಿದರೆ ಮಳೆಯಾದಂತೆ ಅಂದಿದ್ದಳು. ಅವ್ವ ಶಾಲೆಗೆ ಹೋದವಳಲ್ಲ. ಅವಳು ಪದ ಕಟ್ಟುತ್ತಿದ್ದಳು ಅನ್ನುವುದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ಅಕ್ಕನೂ ಅತ್ತಳು. ಚಿಗವ್ವ ಹಗ್ಗ ಬಿಡಲಿಲ್ಲ.

ಊರಿಂದ ಬಂದ ಮೇಲೆ 'ಗರತಿಯ ಹಾಡು' ತೆಗೆದು ಕೂತೆ. ಅವ್ವನ ತವರಿನ ಸೀಮೆಯವರೇ ಆದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು, ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಸಿದ ಪದಗಳು ಅವು. ಪುಸ್ತಕವಾಗಿ ಬಂದದ್ದು 1931ರಲ್ಲಿ. ಅವ್ವ ಹುಟ್ಟುವುದಕ್ಕೂ ಮೊದಲು. ಚಿಗವ್ವ ಹೇಳಿದ ಪದಗಳ ಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡು ಓದುತ್ತಾ ಹೋದರೆ, ಎಷ್ಟೋ ಕಡೆ ಅದೇ ಮಾತು, ಅದೇ ಧಾಟಿ. ಕೂಸು, ಕಂದಯ್ಯ, ತೊಟ್ಟಿಲು, ತವರು, ಮಾವ. ಒಂದು ಕಡೆ ಮೊದಲ ಸಾಲು ನಮ್ಮ ಮನೆಯದೇ, ಮೂರನೆಯದು ಬೇರೆ. ಇನ್ನೊಂದು ಕಡೆ ಮೂರನೆಯದು ನಮ್ಮದು, ಮೊದಲನೆಯದು ಬೇರೆ.

ಆಗ 'ಪೂರ್ತಿ ಹಾಡು ಯಾವುದು' ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ಅಂಥದ್ದು ಇಲ್ಲ. ಕೂಸು ಬೇಗ ಮಲಗಿದರೆ ನಾಲ್ಕು ಪದ, ಮಲಗದಿದ್ದರೆ ನಲವತ್ತು. ಯಾವುದಾದ ಮೇಲೆ ಯಾವುದು ಅನ್ನುವ ನಿಯಮ ಇಲ್ಲ. ಪ್ರತಿ ಪದವೂ ತನ್ನಷ್ಟಕ್ಕೆ ಮುಗಿಯುತ್ತದೆ. ಗಂಡುಕೂಸಾದರೆ 'ಮುಟ್ಟಿ ನೋಡ್ಯಾನ ಅಳಿಯಾನ', ಹೆಣ್ಣಾದರೆ 'ಸೊಸಿಯನ್ನ'. ಮಾವ ಬಾರದ ಮನೆಯಾದರೆ ಅಜ್ಜ ಬರುತ್ತಾನೆ. ತಾಯಿ ಅವತ್ತಿನ ದಿನವನ್ನೂ ಒಂದು ಸಾಲಿನಲ್ಲಿ ಸೇರಿಸಿಬಿಡುತ್ತಾಳೆ. ಆದರೆ ಈ ಸಡಿಲಿಕೆ ಎಲ್ಲ ಇರುವುದು ಒಂದು ಗಟ್ಟಿ ಕಟ್ಟಿನ ಒಳಗೆ. ಆ ಕಟ್ಟು ತ್ರಿಪದಿ. ಮೂರು ಸಾಲು, ಹನ್ನೊಂದು ಗಣ (ಗಣ ಅಂದರೆ ಸಾಲಿನೊಳಗಿನ ಅಳತೆಯ ಒಂದು ತುಂಡು): ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಆರನೆಯದೂ ಹತ್ತನೆಯದೂ ಗಿಡ್ಡ ಗಣ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೇ ತ್ರಿಪದಿ ಕಲ್ಲಿನ ಮೇಲೆ ಇದೆ, ಸುಮಾರು ಕ್ರಿ.ಶ. 700ರದ್ದು. 1300 ವರ್ಷದಿಂದ ಈ ಕಟ್ಟು ಬದಲಾಗಿಲ್ಲ. ಅಕ್ಷರ ಬಾರದ ಅವ್ವ ಅದರಲ್ಲಿ ಒಂದು ಗಣವೂ ತಪ್ಪದೆ ಪದ ಕಟ್ಟಿದ್ದಳು.

ಇಷ್ಟರಲ್ಲಿ ತಮ್ಮನಿಂದ ಫೋನು ಬಂತು. ಊರಿನ ಮನೆಯ ಅಟ್ಟದಲ್ಲಿ ಒಂದು ಕ್ಯಾಸೆಟ್ ಇದೆ, ಭಾವ ಹಿಂದೆ ಯಾವಾಗಲೋ ಮಾಡಿದ್ದು ಅಂದ. ಅಕ್ಕನ ಮೊದಲ ಬಾಣಂತನದ ಕಾಲಕ್ಕೆ ಭಾವ ಒಂದು ಟೇಪ್ ರೆಕಾರ್ಡರ್ ತಂದಿದ್ದರು. ತಮ್ಮನ ಕೈಯಲ್ಲಿ ಶಾಲೆಯ ಪದ್ಯ ಹೇಳಿಸಿ ತುಂಬಿಕೊಂಡಿದ್ದರು. ಅದರ ಹಿಂದೆ ಎಲ್ಲಾದರೂ ಅವ್ವನ ದನಿ ಇರಬಹುದಾ ಅಂತ ಆಸೆ.

ಹಳೆಯ ಕ್ಯಾಸೆಟ್ ಸಿಕ್ಕ ಕೂಡಲೇ ಯಾವುದೋ ಪ್ಲೇಯರಿಗೆ ಹಾಕಬಾರದು. ಇದನ್ನು ಹೇಳಿದ್ದು ರೇಡಿಯೊ, ಟೇಪು ರಿಪೇರಿ ಮಾಡುವ ಒಬ್ಬ ಹಿರಿಯರು. ಅವರ ಹತ್ತಿರ ಹೋಗಿದ್ದು ನನ್ನ ಪುಣ್ಯ. ವರ್ಷಗಟ್ಟಲೆ ಸುಮ್ನೆ ಇದ್ದ ಟೇಪು ಸುರುಳಿಗೆ ಅಂಟಿಕೊಂಡಿರುತ್ತದೆ. ಹಾಗೇ ಹಾಕಿದರೆ ಎಳೆದು ಹರಿಯಬಹುದು. ಅವರು ಮೊದಲು ಮೂಲೆಯ ಸ್ಕ್ರೂ ಬಿಚ್ಚಿ ಡಬ್ಬಿ ತೆಗೆದರು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಮೆತ್ತನೆಯ ಚೂರು ಒಂದು ಇರುತ್ತದೆ, ಅದು ಉದುರಿ ಒಳಗೇ ಬಿದ್ದಿತ್ತು. ಅದಿಲ್ಲದಿದ್ದರೆ ದನಿ ಮಂಕಾಗುತ್ತದೆ, ಬಂದು ಬಂದು ಹೋಗುತ್ತದೆ. ಎರಡೂ ಸುರುಳಿಯನ್ನು ಹೊಸ ಡಬ್ಬಿಗೆ ಹಾಕಿದರು. ಕೈಯಿಂದಲೇ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ವಾಪಸ್ಸು ಸುತ್ತಿದರು. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಆಮೇಲೆ ಕಂಪ್ಯೂಟರಿಗೆ ವೈರು ಹಾಕಿ, ಒಂದೇ ಸಲ, ಶುರುವಿನಿಂದ ಕೊನೆಯವರೆಗೆ ಓಡಿಸಿದರು. 'ಮೊದಲು ವೇವ್ ಫೈಲಿನಲ್ಲಿ ಇಟ್ಟುಕೊಳ್ಳಿ, ಎಂಪಿತ್ರೀ ಆಮೇಲೆ ಬೇಕಾದರೆ ಮಾಡಿಕೊಳ್ಳಿ' ಅಂದರು. ಎಂಪಿತ್ರೀ ಮಾಡುವಾಗ ದನಿಯ ಒಂದಷ್ಟು ಭಾಗ ಹೋಗಿಬಿಡುತ್ತದೆ, ಅದು ಮತ್ತೆ ಬರುವುದಿಲ್ಲ.

ತಮ್ಮನ ಪದ್ಯ ಚೆನ್ನಾಗಿ ಕೇಳಿಸಿತು. ಅದರ ಹಿಂದೆ, ದೂರದಲ್ಲಿ, ತೊಟ್ಟಿಲ ಸರಪಳಿಯ 'ಕಿರ್' ಅನ್ನುವ ಸದ್ದು. ಅದರ ಜೊತೆ ಒಂದು ಹೆಣ್ಣಿನ ದನಿ. ಆದರೆ ಅದು ಅವ್ವನ ದನಿ ಅಲ್ಲ ಅನ್ನಿಸಿತು. ಸಣ್ಣ ಹುಡುಗಿಯ ದನಿಯಷ್ಟು ಕೀರಲು, ಏನೋ ಅವಸರ. ಅಕ್ಕ ಮಾತ್ರ, "ಅವ್ವನ ಅದ. ಯಾಕ ಹಿಂಗಾಗೇತಿ?" ಅಂತ ಪಟ್ಟು ಹಿಡಿದಳು.

ಕಾರಣ ಹೇಳಿದ್ದೂ ಆ ರಿಪೇರಿಯವರೇ. ಊರಲ್ಲಿ ಕರೆಂಟು ಇರದಿದ್ದಾಗ ಸೆಲ್ಲು ಹಾಕಿ ತುಂಬಿಕೊಂಡಿರುತ್ತಾರೆ. ಸೆಲ್ಲು ಮುಗಿಯುತ್ತಾ ಬಂದರೆ ಮೋಟರು ನಿಧಾನ ತಿರುಗುತ್ತದೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ತುಂಬುವಾಗ ಅದಕ್ಕಿಂತ ಕಡಿಮೆ ಓಡಿದ್ದನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲವೂ ಬೇಗ ಬೇಗ, ಎಲ್ಲವೂ ಎತ್ತರದ ದನಿಯಲ್ಲಿ ಕೇಳಿಸುತ್ತದೆ. ಸರಿ, ಹಾಗಾದರೆ ಎಷ್ಟು ನಿಧಾನ ಮಾಡಬೇಕು? ಕಿವಿಗೆ ಸರಿ ಅನ್ನಿಸುವಷ್ಟು ಮಾಡಬಹುದು. ಆದರೆ ಒಬ್ಬೊಬ್ಬರ ಕಿವಿಗೆ ಒಂದೊಂದು ಸರಿ. ಅವ್ವನ ದನಿಯನ್ನು ಅಂದಾಜಿನ ಮೇಲೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಉತ್ತರ ಸಿಕ್ಕಿದ್ದು ತಮ್ಮನ ಮಗನಿಂದ. ಎಂಜಿನಿಯರಿಂಗ್ ಓದುತ್ತಿದ್ದಾನೆ. "ಅತ್ತಿ, ತೊಟ್ಟಿಲ ಅಂದ್ರ ಲೋಲಕ ಅಲ್ಲೇನ್ರೀ? ಸರಪಳಿ ಎಷ್ಟು ಉದ್ದ ಐತಿ ಅನ್ನೋದರ ಮ್ಯಾಲ ಅದು ಹೋಗಿ ಬರೋ ಹೊತ್ತು ನಿಂತಿರತೈತಿ" ಅಂದ. ಗಡಿಯಾರದ ಲೋಲಕಕ್ಕೆ ಇರುವ ಲೆಕ್ಕವೇ ತೊಟ್ಟಿಲಿಗೂ. ಒಳಗೆ ಎಷ್ಟು ಭಾರದ ಕೂಸಿದ್ದರೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. 1 ಮೀಟರ್ ಉದ್ದಕ್ಕೆ ತೂಗುಹಾಕಿದರೆ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು, 2.25 ಮೀಟರಿಗೆ ಸುಮಾರು 3 ಸೆಕೆಂಡು. ನಮ್ಮ ಊರಿನ ಮನೆಯಲ್ಲಿ ಆ ತೊಲೆ ಇದೆ, ಆ ಕೊಂಡಿ ಇದೆ, ಅದೇ ಸರಪಳಿ ಮತ್ತು ತೊಟ್ಟಿಲು ಅಟ್ಟದ ಮೇಲೆ ಇದ್ದವು. ಇಳಿಸಿ ಕಟ್ಟಿ, ಗುಂಡಕಲ್ಲು ಇಟ್ಟು ತೂಗಿದರು. ಹತ್ತು ಸಲ ಹೋಗಿ ಬರಲು 30 ಸೆಕೆಂಡು ಹಿಡಿಯಿತು. ಟೇಪಿನಲ್ಲಿ ಸರಪಳಿಯ ಸದ್ದು ಎಣಿಸಿದರೆ ಹತ್ತು ತೂಗಿಗೆ 27 ಸೆಕೆಂಡು.

ಅಂದರೆ ತುಂಬುವಾಗ ಯಂತ್ರ ನೂರಕ್ಕೆ ಹತ್ತರಷ್ಟು ನಿಧಾನ ಓಡಿತ್ತು. ಹುಡುಗ ಕಂಪ್ಯೂಟರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ವೇಗ ಇಳಿಸಿದ. ಇಲ್ಲೊಂದು ಸಣ್ಣ ವಿಷಯ ಗಮನಿಸಬೇಕು. ಇಂಥ ಸಾಫ್ಟ್‌ವೇರುಗಳಲ್ಲಿ ದನಿ ಹಾಗೇ ಇಟ್ಟು ಓಟ ಮಾತ್ರ ಬದಲಾಯಿಸುವ ಗುಂಡಿಯೂ ಇರುತ್ತದೆ. ಅದು ಬೇಡ. ಯಂತ್ರದ ತಪ್ಪಿನಿಂದ ಓಟವೂ ಶ್ರುತಿಯೂ ಒಟ್ಟಿಗೇ ಕೆಟ್ಟಿರುತ್ತವೆ, ಎರಡನ್ನೂ ಒಟ್ಟಿಗೇ ಇಳಿಸಬೇಕು. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಮನೆ ಕೆಳಗೆ ಬಂತು. ಅವಸರ ಹೋಯಿತು. ಕೀರಲು ಹೋಯಿತು. ಅಲ್ಲಿದ್ದದ್ದು ಅವ್ವ. ಸ್ವಲ್ಪ ಮೂಗಿನ ಕಡೆ ವಾಲುವ, ಸಾಲಿನ ಕೊನೆಯಲ್ಲಿ ಉಸಿರು ಬಿಡುವ ಅವಳದೇ ದನಿ. ತಮ್ಮ ಫೋನಿನಲ್ಲಿ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಮ್ಮೆ ಹಚ್ಚು" ಅಂದ.

ದನಿ ಸರಿಯಾದ ಮೇಲೆ ರಾಗದ ಗುಟ್ಟೂ ಬಿಟ್ಟುಕೊಂಡಿತು. ತೊಟ್ಟಿಲು ಹೋಗುವಾಗ ಒಂದು ಗಣ, ಬರುವಾಗ ಒಂದು ಗಣ. 'ತೊಟ್ಟಿಲದ' ಅನ್ನುವಾಗ ಆಚೆ, 'ಸರಪಳಿಯು' ಅನ್ನುವಾಗ ಈಚೆ. ಒಂದು ಸಾಲಿಗೆ ಎರಡು ತೂಗು. ಎರಡನೇ ಸಾಲಿನಲ್ಲಿ ಗಿಡ್ಡ ಗಣ ಬರುತ್ತದಲ್ಲ, 'ಮ್ಯಾಲ' ಅನ್ನುವುದು, ಅಲ್ಲಿ ಮಾತು ಬೇಗ ಮುಗಿಯುತ್ತದೆ. ಆದರೆ ತೊಟ್ಟಿಲು ಇನ್ನೂ ಬರಬೇಕು. ಅದಕ್ಕೆ ದನಿ ಅಲ್ಲಿ ಎಳೆದು ಕಾಯುತ್ತದೆ. ನನಗೆ ನೆನಪಿದ್ದ ತಡೆ ಅದೇ. ಮೂರನೇ ಸಾಲಿಗೆ ಮೂರೇ ಗಣ. ನಾಲ್ಕನೆಯದರ ಜಾಗದಲ್ಲಿ ತೊಟ್ಟಿಲು ವಾಪಸ್ಸು ಬರುವಾಗ 'ಜೋ'. ಸರಪಳಿಯ ಉದ್ದವೇ ಅವ್ವನ ತಾಳವಾಗಿತ್ತು.

ನಮ್ಮ ಮನೆಯಲ್ಲಿದ್ದುದು ಸ್ಪ್ರಿಂಗ್ ತೊಟ್ಟಿಲು. ಅದು ಮೇಲೆ ಕೆಳಗೆ ಪುಟಿಯುತ್ತದೆ, ಅದೂ ಚುರುಕಾಗಿ. ಅದರ ಪಕ್ಕ ಕೂತು ಈ ಪದ ಹಾಡಲು ನೋಡಿದರೆ ಒಂದು ಸಾಲೂ ಕೂರುವುದಿಲ್ಲ. ಯಾರಾದರೂ ಹಳೆಯ ಜೋಗುಳ ಹಾಡಲು ಆಗುತ್ತಿಲ್ಲ ಅಂದರೆ ನಾನು ಮೊದಲು ಕೇಳುವುದು ತೊಟ್ಟಿಲು ಯಾವುದು ಅಂತಲೇ. ಚಾವಣಿಯ ಕೊಕ್ಕೆಗೆ ಗಟ್ಟಿ ಹಗ್ಗ ಕಟ್ಟಿ, ಸುಮಾರು 2 ಮೀಟರ್ ಇಳಿಬಿಟ್ಟು, ಅವ್ವನ ಹತ್ತಿಯ ಸೀರೆಯಲ್ಲಿ ಜೋಳಿಗೆ ಮಾಡಿದೆವು. ಕೊಕ್ಕೆ ಭಾರ ತಡೆಯುತ್ತದಾ ಅಂತ ಮೊದಲು ಅಕ್ಕಿ ಮೂಟೆ ಇಟ್ಟು ನೋಡಿದೆವು. ಅವತ್ತಿನಿಂದ ಪದಗಳು ಕೂತವು.

ಹಾಡುವವಳು ನಾನಲ್ಲ, ಮಗಳು. ಇದನ್ನು ನಾನೇ ಹಠ ಮಾಡಿ ಒಪ್ಪಿಸಿದೆ. ಅವಳಿಗೆ ತನ್ನ ದನಿ ಚೆನ್ನಾಗಿಲ್ಲ ಅನ್ನುವ ಅಂಜಿಕೆ. ಆದರೆ ಕೂಸಿಗೆ ಬೇಕಾದ್ದು ಸಂಗೀತಗಾರರ ದನಿ ಅಲ್ಲ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಇಬ್ಬರು ಅಮೆರಿಕದ ಸಂಶೋಧಕರು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕೂಸು ಚೀಪುವ ಗತಿಯನ್ನು ಬದಲಿಸಿದರೆ ತಾಯಿಯ ದನಿ ಕೇಳಿಸುತ್ತದೆ, ಇಲ್ಲದಿದ್ದರೆ ಬೇರೆ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪುವುದನ್ನು ಬದಲಿಸಿಕೊಂಡವು. ಹೊಟ್ಟೆಯಲ್ಲಿದ್ದಾಗಲೇ ಕೇಳಿ ಗುರುತು ಹಿಡಿದ ದನಿ ಅದು. ಅಜ್ಜಿಯ ದನಿ ಎಷ್ಟು ಇಂಪಾಗಿದ್ದರೂ ಆ ಜಾಗಕ್ಕೆ ಬರುವುದಿಲ್ಲ. ಇದನ್ನು ಹೇಳಿದ ಮೇಲೆ ಮಗಳು ಹಗ್ಗ ಹಿಡಿದಳು. ಕಾಗದ ನೋಡಿ ಕಲಿಯುವುದು ಬೇಡ ಅಂದೆ. ಟೇಪಿನ ತುಣುಕು ಹಾಕಿ, ಅವ್ವನ ತೂಗಿನ ಜೊತೆ ತನ್ನ ತೂಗು ಸೇರಿಸಿ, ಕೇಳಿ ಕೇಳಿ ಕಲಿತಳು. 'ಅಳಿಯಾನ' ಅನ್ನುವಲ್ಲಿ 'ಸೊಸಿಯನ್ನ' ಅಂತ ತಾನೇ ಮಾಡಿಕೊಂಡಳು. ಅವಳ ತಮ್ಮ, ಅಂದರೆ ನನ್ನ ಮಗ, ವಾರಕ್ಕೊಮ್ಮೆ ಕೂಸು ನೋಡಲು ಬರುತ್ತಾನೆ. ಅವನು ಬಂದ ದಿನ ಆ ಪದ ತಪ್ಪದೆ ಬರುತ್ತದೆ.

ಕೌದಿಯ ಪದ ಮಾತ್ರ ಇನ್ನೂ ಕೂಡಿಲ್ಲ. ಟೇಪಿನಲ್ಲಿ ಅವ್ವ ಅದನ್ನು ಹಾಡುವಾಗ ಎರಡನೇ ಸಾಲಿನ ಮೇಲೆ ತಮ್ಮನ ಪದ್ಯ ಜೋರಾಗಿ ಬಂದು ಕೂತಿದೆ. ಮೊದಲನೆಯದೂ ಮೂರನೆಯದೂ ಸ್ಪಷ್ಟವಾಗಿವೆ:

ಬ್ಯಾಸೀಗಿ ಬಿಸಲಾಗ ಬೀಸ್ಯಾವ ಬಿಸಿಗಾಳಿ
…
ಹಾಸೀದ ಕೌದಿ ತಂಪಾಗಿ

ಪ್ರಾಸದ ಲೆಕ್ಕದಲ್ಲಿ ಎರಡನೇ ಸಾಲಿನ ಎರಡನೇ ಅಕ್ಷರವೂ 'ಸ'ಕಾರವೇ ಆಗಿರಬೇಕು. ಎರಡನೇ ಗಣ ಗಿಡ್ಡದು ಇರಬೇಕು. ಚಿಗವ್ವ 'ಕೂಸೀನ' ಅಂತ ಶುರುವಾಗುತ್ತದೆ ಅನ್ನುತ್ತಾಳೆ, ಮುಂದೆ ಬರುವುದಿಲ್ಲ. ಅಕ್ಕನ ಕಿವಿಗೆ 'ಸಾಸೀವಿ' ಅಂತ ಕೇಳಿಸುತ್ತದೆ. ಮಗಳು, ಅದೊಂದು ಸಾಲು ನಾವೇ ಕಟ್ಟಿಕೊಂಡು ಹಾಡೋಣ, ಅಜ್ಜಿಯೂ ಹಾಗೇ ಮಾಡಿದ್ದಳಲ್ವಾ ಅನ್ನುತ್ತಾಳೆ. ಹಾಡಲಿ, ನನ್ನ ಅಡ್ಡಿಯಿಲ್ಲ. ಆದರೆ ಅವ್ವನ ಸಾಲು ಯಾವುದು ಅಂತ ನನಗೆ ಬೇಕು. ಅವಳ ಜೊತೆ ಕಳೆ ತೆಗೆಯಲು ಹೋಗುತ್ತಿದ್ದ ಗೆಳತಿ ಒಬ್ಬರು ಪಕ್ಕದ ಊರಿನಲ್ಲಿ ಇದ್ದಾರಂತೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಆದರೆ ಮನೆಯಲ್ಲಿ ಮರಿಮೊಮ್ಮಗ ಹುಟ್ಟಿದ್ದಾನೆ, ಮಧ್ಯಾಹ್ನದ ಹೊತ್ತು ಅವನನ್ನು ಮಲಗಿಸುವುದು ಅವರೇ ಅಂತ ಚಿಗವ್ವ ಹೇಳಿ ಕಳಿಸಿದ್ದಾಳೆ. ಸುಗ್ಗಿ ಮುಗಿಯುವುದರೊಳಗೆ ಅಕ್ಕನೂ ನಾನೂ ಅಲ್ಲಿಗೆ ಹೋಗುತ್ತಿದ್ದೇವೆ, ಮಧ್ಯಾಹ್ನದ ಹೊತ್ತಿಗೇ.